ಮುಟ್ಟದೆ ಸಾಕಬೇಕಾದ ಮರಿ

ಹೆಬ್ಬಾವಿನ ಮರಿಯನ್ನು ಮೊದಲ ಸಲ ಮನೆಗೆ ತಂದವರು ನಾಲ್ಕನೆಯ ದಿನಕ್ಕೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದು ಯಾಕೆ ಏನೂ ತಿಂತಿಲ್ಲ?’ ಅಷ್ಟರಲ್ಲಿ ಅವರು ದಿನಕ್ಕೆ ಹತ್ತು ಸಲ ಡಬ್ಬಿಯ ಮುಚ್ಚಳ ತೆಗೆದು ನೋಡಿರುತ್ತಾರೆ, ಅಡಗಿ ಕೂತದ್ದನ್ನು ಎತ್ತಿ ಫೋಟೊ ತೆಗೆದಿರುತ್ತಾರೆ, ಪಕ್ಕದ ಮನೆಯ ಮಕ್ಕಳನ್ನು ಕರೆದು ತೋರಿಸಿರುತ್ತಾರೆ, ಬೆಳಿಗ್ಗೆ ಬೇಡವೆಂದ ಇಲಿಯನ್ನೇ ಸಂಜೆ ಮತ್ತೆ ಮೂಗಿನ ಮುಂದೆ ಆಡಿಸಿರುತ್ತಾರೆ. ಉತ್ತರ ಅಲ್ಲೇ ಇದೆ. ನಾಯಿಮರಿ, ಬೆಕ್ಕಿನ ಮರಿ ತಂದಾಗ ನಾವು ಯಾವುದನ್ನು ಅಕ್ಕರೆ ಎನ್ನುತ್ತೇವೋ ಅದೆಲ್ಲ ಈ ಮರಿಗೆ ಬೇಟೆಗಾರನ ಕಾಟ. ಮೊದಲ ಒಂದೆರಡು ವಾರ ಅದಕ್ಕೆ ಬೇಕಾದದ್ದು ಬೆಚ್ಚಗಿನ ಮೂಲೆ, ಅಡಗಲು ಜಾಗ, ಕುಡಿಯಲು ನೀರು, ಆಮೇಲೆ ನಾವು ಅದರ ತಂಟೆಗೆ ಹೋಗದಿರುವುದು. ಮೊದಲ ಮೂರನ್ನು ಎಲ್ಲರೂ ಒದಗಿಸುತ್ತಾರೆ. ಕೊನೆಯದೇ ಕಷ್ಟ.

ಹೇಳಹೊರಟಿರುವುದು ಕಾರ್ಪೆಟ್ ಪೈಥಾನ್ ಎಂಬ ಆಸ್ಟ್ರೇಲಿಯಾದ ಹೆಬ್ಬಾವಿನ ಬಗ್ಗೆ. ನಾನಿರುವ ಬ್ರಿಸ್ಬೇನಿನಲ್ಲಿ ಇದು ಕಾಡಿನದಷ್ಟೇ ಅಲ್ಲ, ಊರಿನ ಹಾವೂ ಹೌದು. ಹಳೆಯ ಬಡಾವಣೆಗಳ ಮರದ ಮನೆಗಳಲ್ಲಿ ಸೂರಿನಡಿ ಸೇರಿಕೊಂಡು, ಇಲಿ ಮತ್ತು ಪೋಸಮ್‌ಗಳನ್ನು ಹಿಡಿದು ತಿನ್ನುತ್ತಾ ಬಾಡಿಗೆ ಕೊಡದೆ ವರ್ಷಗಟ್ಟಲೆ ಇದ್ದುಬಿಡುತ್ತದೆ. ಹಿತ್ತಲಲ್ಲಿ ಕೋಳಿ ಸಾಕಿದವರಿಗಂತೂ ಇದರ ಪರಿಚಯ ಇದ್ದೇ ಇರುತ್ತದೆ. ವಿಷವಿಲ್ಲ. ಮೈಮೇಲೆ ಜಮಖಾನದ ಚಿತ್ತಾರ, ಅದಕ್ಕೇ ಆ ಹೆಸರು. 1804ರಲ್ಲಿ ಫ್ರಾನ್ಸಿನ ಲಾಸೆಪೇಡ್ ಮೊದಲು ವಿವರಿಸಿದ ಈ ಪ್ರಭೇದಕ್ಕೆ ಈಗಿನ ಶಾಸ್ತ್ರೀಯ ಹೆಸರು ಮೊರೀಲಿಯಾ ಸ್ಪೈಲೋಟಾ. ಸಿಡ್ನಿಯ ಆಸುಪಾಸಿನ ಡೈಮಂಡ್ ಪೈಥಾನ್, ಬ್ರಿಸ್ಬೇನ್ ಕಡೆಯ ಕೋಸ್ಟಲ್, ಅಥರ್ಟನ್ ಪ್ರಸ್ಥಭೂಮಿಯ ಮಳೆಕಾಡಿನ ಕಪ್ಪು-ಹಳದಿ ಜಂಗಲ್, ಡಾರ್ವಿನ್ ಕಡೆಯದು, ಮರ್ರೆ ಮತ್ತು ಡಾರ್ಲಿಂಗ್ ನದಿಗಳ ಬಯಲಿನದು, ಎಲ್ಲವೂ ಇದೇ ಪ್ರಭೇದದ ಬಗೆಗಳು. ಮರಿ ಕೊಳ್ಳುವಾಗ ಯಾವ ಕಡೆಯದೆಂದು ಕೇಳಿ ತಿಳಿಯುವುದು ಬರಿಯ ಕುತೂಹಲದ ಮಾತಲ್ಲ. ಜಂಗಲ್ ಮರಿಗಳು ಸಿಡುಕಿಗೆ ಹೆಸರಾದವು. ತಂಪು ಸೀಮೆಯ ಡೈಮಂಡ್ ಹಾವನ್ನು ಡಾರ್ವಿನ್ ಹಾವಿನಂತೆ ಹಗಲೂ ರಾತ್ರಿ ಕಾಯಿಸಿಟ್ಟರೆ ಅದು ಆರೋಗ್ಯ ಕೆಟ್ಟು ಬೇಗ ಸಾಯುತ್ತದೆ.

ಇಲ್ಲಿನ ಕಾನೂನು ಹೊಸದಾಗಿ ಬಂದ ಕನ್ನಡಿಗರಿಗೆ ತಲೆಕೆಳಗಾಗಿ ಕಾಣುತ್ತದೆ. ಭಾರತದಲ್ಲಿ ನಮ್ಮದೇ ಹೆಬ್ಬಾವನ್ನು ಮನೆಯಲ್ಲಿಟ್ಟುಕೊಂಡರೆ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲೇ ಅದರ ಹೆಸರಿದೆ. ಆಸ್ಟ್ರೇಲಿಯಾದಲ್ಲಿ ಸ್ಥಳೀಯ ಹಾವಿಗೆ ಲೈಸೆನ್ಸ್ ಕೊಡುತ್ತಾರೆ, ಹೊರದೇಶದ ಹಾವನ್ನು ಸಾಕಲು ಮಾತ್ರ ಬಿಡುವುದೇ ಇಲ್ಲ. ಅಮೆರಿಕದಲ್ಲಿ ಮಕ್ಕಳು ಸಾಕುವ ಕಾರ್ನ್ ಸ್ನೇಕ್ ಕ್ವೀನ್ಸ್‌ಲ್ಯಾಂಡಿನ ಮನೆಯಲ್ಲಿ ಸಿಕ್ಕರೆ ಅಧಿಕಾರಿಗಳು ಬಂದು ಒಯ್ಯುತ್ತಾರೆ, ಮೇಲೆ ದಂಡ. ಕಾಡು ಸೇರಿದ ಹೊರಗಿನ ಪ್ರಾಣಿ ಏನು ಮಾಡಬಲ್ಲದು ಎಂಬುದನ್ನು ಮೊಲ ಮತ್ತು ಕೇನ್ ಟೋಡ್ ಕಪ್ಪೆಯಿಂದ ಕಲಿತ ದೇಶ ಇದು. ಸ್ಥಳೀಯ ಹಾವಾದರೂ ಸೂರಿನಿಂದ ಹಿಡಿದು ಡಬ್ಬಿಗೆ ಹಾಕುವಂತಿಲ್ಲ. ಲೈಸೆನ್ಸ್ ಇರುವವರ ಮನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿಯನ್ನೇ ಕೊಳ್ಳಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ಸಿಡ್ನಿಯ ಗೆಳೆಯ ಹೇಳಿದ್ದನ್ನು ನಂಬಿ ಬ್ರಿಸ್ಬೇನಿನಲ್ಲಿ ಮರಿ ಕೊಳ್ಳಬಾರದು. ಲೈಸೆನ್ಸ್ ಮೊದಲು, ಡಬ್ಬಿ ಮತ್ತು ಬಿಸಿಯ ವ್ಯವಸ್ಥೆ ಆಮೇಲೆ, ಹಾವು ಕೊನೆಗೆ. ಬಹಳ ಜನ ಇದನ್ನು ಹಿಂದುಮುಂದಾಗಿ ಮಾಡುತ್ತಾರೆ.

ಮರಿಯ ನಡವಳಿಕೆ ಅರ್ಥವಾಗಬೇಕಾದರೆ ಅದು ಹುಟ್ಟುವ ರೀತಿಯನ್ನು ನೋಡಬೇಕು. ತಾಯಿ ಹಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕೂರುತ್ತದೆ. ಚಳಿಯಾದಾಗ ಮೈಯ ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತದೆ. ತಣ್ಣನೆ ರಕ್ತದ ಪ್ರಾಣಿ ಎಂದು ನಾವು ಓದಿದ ಹಾವು ಹೀಗೆ ಸುಮಾರು ಎರಡು ತಿಂಗಳು ಮೊಟ್ಟೆಗಳಿಗೆ ಕಾವು ಕೊಡುತ್ತದೆ. ತಾಯ್ತನ ಅಲ್ಲಿಗೆ ಮುಗಿಯಿತು. ಮೊಟ್ಟೆ ಸೀಳಿ ಹೊರಬಂದ ಮರಿಗೆ ತಾಯಿಯ ಆಸರೆ ಇಲ್ಲ. ಒಂದಡಿಗಿಂತ ಚೂರು ಉದ್ದ, ಪೆನ್ಸಿಲ್ಲಿಗಿಂತ ತುಸು ದಪ್ಪ. ಕೂಕಬುರ್ರಾ ಹಕ್ಕಿಗೆ, ಗೊವಾನಾ ಉಡಕ್ಕೆ, ಬೀದಿ ಬೆಕ್ಕಿಗೆ, ಕೊನೆಗೆ ಬೇರೆ ಹಾವುಗಳಿಗೂ ಅದು ತುತ್ತು. ಉಳಿಯುವ ದಾರಿ ಎರಡೇ. ಒಂದು, ಯಾರ ಕಣ್ಣಿಗೂ ಬೀಳದಂತೆ ಸಂದಿಯಲ್ಲಿ ಸೇರಿಕೊಳ್ಳುವುದು. ಅದಾಗದಿದ್ದರೆ ಕತ್ತನ್ನು ಎಸ್ ಆಕಾರಕ್ಕೆ ಮಡಚಿ, ಎದುರು ಬಂದದ್ದು ತನ್ನ ನೂರು ಪಟ್ಟು ದೊಡ್ಡದಿದ್ದರೂ ಎಗರಿ ಕಚ್ಚುವುದು. ಹೊಸ ಮಾಲೀಕರು ‘ಇದು ಬಹಳ ಕೋಪಿಷ್ಠ’ ಎನ್ನುತ್ತಾರೆ. ಕೋಪವಲ್ಲ, ಭಯ. ಬೆಳೆಯುತ್ತಾ ಬಂದಂತೆ ಹೆಚ್ಚಿನ ಕೋಸ್ಟಲ್ ಮರಿಗಳು ತಾವಾಗಿಯೇ ಶಾಂತವಾಗುತ್ತವೆ, ನಡುವೆ ನಾವು ಅವುಗಳ ಭಯವನ್ನು ನಿಜ ಮಾಡದಿದ್ದರೆ. ಮರಿ ಕಚ್ಚಿದರೆ ಆಗುವುದೂ ಇಷ್ಟೇ: ಗುಂಡುಸೂಜಿ ಚುಚ್ಚಿದಂಥ ಗುರುತು, ಒಂದೆರಡು ಹನಿ ರಕ್ತ.

ಆದ್ದರಿಂದ ಮೊದಲ ಮನೆ ಚಿಕ್ಕದಿರಬೇಕು. ಅಂಗಡಿಗಳಲ್ಲಿ ಕಣ್ಣಿಗೆ ಹೊಡೆಯುವ ನಾಲ್ಕಡಿ ಗಾಜಿನ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಗಿಡ, ಬಣ್ಣದ ದೀಪ, ಇದೆಲ್ಲ ನೋಡುವವರಿಗಾಗಿ. ಅಷ್ಟು ದೊಡ್ಡ ಬಯಲಲ್ಲಿ ಒಂದಡಿ ಮರಿ ದಿಕ್ಕುಗೆಟ್ಟು ಊಟ ಬಿಡುತ್ತದೆ. ಇಲ್ಲಿನ ಹಾವು ಸಾಕುವವರು ಬಳಸುವುದು ‘ಕ್ಲಿಕ್ ಕ್ಲ್ಯಾಕ್’: ಎರಡೂ ಕಡೆ ಕೊಂಡಿ ಹಾಕುವ, ಅಡುಗೆಮನೆಯ ಸಾಮಾನಿಡುವ ಪ್ಲಾಸ್ಟಿಕ್ ಡಬ್ಬಿ. ಬದಿಗಳಿಗೆ ಕಾದ ಕಬ್ಬಿಣದಿಂದ ಗಾಳಿತೂತು ಕೊರೆಯುತ್ತಾರೆ. ಅಡಿಗೆ ಪೇಪರ್ ಟವೆಲ್ ಹಾಸು. ಅದು ಚಂದ ಕಾಣುವುದಿಲ್ಲ ನಿಜ, ಆದರೆ ಮಲ ಹೇಗಿದೆ, ಹೇನು ಬಿದ್ದಿದೆಯೇ, ನೀರು ಚೆಲ್ಲಿದೆಯೇ ಎಂಬುದೆಲ್ಲ ಬಿಳಿಯ ಮೇಲೆ ಕಾಣುತ್ತದೆ. ಮರದ ಚೂರಿನ ಹಾಸಿನಲ್ಲಿ ಯಾವುದೂ ಕಾಣದು. ಉರುಳದಂಥ ಚಿಕ್ಕ ಬಟ್ಟಲಲ್ಲಿ ನೀರು. ಮಗುಚಿ ಹಾಕಿದ ಪುಟ್ಟ ಕುಂಡಕ್ಕೆ ಬಾಗಿಲು ಕೊರೆದರೆ ಅದೇ ಅಡಗುತಾಣ. ಇಂಥವು ಎರಡು ಬೇಕು, ಬೆಚ್ಚಗಿನ ತುದಿಗೊಂದು, ತಣ್ಣನೆ ತುದಿಗೊಂದು. ಒಂದೇ ಇಟ್ಟರೆ ಮರಿ ಬಿಸಿ ಬೇಕೋ ಸುರಕ್ಷೆ ಬೇಕೋ ಎಂದು ಆರಿಸಿಕೊಳ್ಳಬೇಕಾಗುತ್ತದೆ, ಅದು ಯಾವಾಗಲೂ ಸುರಕ್ಷೆಯನ್ನೇ ಆರಿಸಿಕೊಂಡು ಚಳಿಯಲ್ಲಿ ಕೂರುತ್ತದೆ. ಇವು ಮರ ಹತ್ತುವ ಹಾವುಗಳಾದ್ದರಿಂದ ಅಡ್ಡಕ್ಕೊಂದು ಒರಟು ಕಡ್ಡಿ ಕೊಟ್ಟರೆ ರಾತ್ರಿ ಅದರ ಮೇಲೆ ಸುತ್ತಿಕೊಂಡು, ತಲೆ ಕೆಳಗೆ ಇಳಿಬಿಟ್ಟು ಹೊಂಚುತ್ತದೆ. ಮುಚ್ಚಳದ ಕೊಂಡಿಯನ್ನು ಮಾತ್ರ ಎರಡು ಸಲ ನೋಡಬೇಕು. ತಲೆ ತೂರುವ ಸಂದಿ ಸಿಕ್ಕರೆ ಇಡೀ ಹಾವು ಹೊರಗೆ.

ಇನ್ನು ಬಿಸಿ. ಹಾವು ಸಾಕುವುದರಲ್ಲಿ ಮುಕ್ಕಾಲು ಪಾಲು ಇದೇ ಎಂದರೂ ತಪ್ಪಿಲ್ಲ, ಸಾಯುವ ಮರಿಗಳಲ್ಲಿ ಹೆಚ್ಚಿನವು ಇದರಲ್ಲಿ ಎಡವಟ್ಟಾಗಿಯೇ ಸಾಯುತ್ತವೆ ಎಂಬುದು ನನ್ನ ಅನಿಸಿಕೆ. ಕಾವು ಕೂತ ತಾಯಿಯನ್ನು ಬಿಟ್ಟರೆ, ಹಾವು ತನ್ನ ಮೈಯನ್ನು ಒಳಗಿನಿಂದ ಕಾಯಿಸಿಕೊಳ್ಳಲಾರದು. ಬೇಕಾದಾಗ ಬಿಸಿಯ ಕಡೆ, ಸಾಕೆನಿಸಿದಾಗ ತಂಪಿನ ಕಡೆ ಸರಿಯುವುದೇ ಅದರ ಉಪಾಯ. ಹಾಗಾಗಿ ಇಡೀ ಡಬ್ಬಿ ಒಂದೇ ಬಿಸಿಯಲ್ಲಿದ್ದರೆ ಪ್ರಯೋಜನವಿಲ್ಲ. ಒಂದು ತುದಿ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ತುದಿ 25ರ ಹತ್ತಿರ ಇರಬೇಕು. ಕೋಸ್ಟಲ್ ಮರಿಗೆ ಈ ಲೆಕ್ಕ ಸಾಕು. ಡಬ್ಬಿಯ ಅಡಿ ಮೂರನೇ ಒಂದು ಭಾಗಕ್ಕೆ ಹೀಟ್ ಮ್ಯಾಟ್ ಅಥವಾ ಹೀಟ್ ಕಾರ್ಡ್ ಬರುವಂತೆ ಇಡುತ್ತಾರೆ. ಅದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು ಕೊಲೆಗೆ ಸಮ. ನಡುವೆ ಥರ್ಮೋಸ್ಟಾಟ್ ಇರಲೇಬೇಕು, ಅದರ ತಂತಿಯ ತುದಿ ಮ್ಯಾಟಿಗೂ ಡಬ್ಬಿಗೂ ನಡುವೆ ಅಲುಗಾಡದಂತೆ ಅಂಟಿರಬೇಕು. ಬಿಸಿ ಹೆಚ್ಚಾದರೆ ಹಾವು ತಾನಾಗಿ ಸರಿದುಹೋಗುತ್ತದೆ ಎಂದು ನಂಬಬೇಡಿ. ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಅಲ್ಲೇ ಕೂತ ಹಾವುಗಳು ಪಶುವೈದ್ಯರ ಹತ್ತಿರ ಬರುತ್ತಲೇ ಇರುತ್ತವೆ. ಥರ್ಮೋಸ್ಟಾಟಿನ ಮೇಲೆ ಬರೆದ ಅಂಕಿಯನ್ನೂ ಕುರುಡಾಗಿ ನಂಬದೆ, ಹಾಸಿನ ಮೇಲಿನ ಬಿಸಿಯನ್ನು ಬೇರೆ ಥರ್ಮಾಮೀಟರಿನಿಂದ ಅಳೆದು ನೋಡಬೇಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ನೋಡಲು ಹಾಗೇ ಇರುವ ಗನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಬ್ರಿಸ್ಬೇನಿನಲ್ಲಿ ಇದಕ್ಕೊಂದು ಕಾಲದ ತೊಡಕೂ ಇದೆ. ಇಲ್ಲಿನ ಮೊಟ್ಟೆಗಳು ಒಡೆಯುವುದು ಬೇಸಿಗೆಯ ಕೊನೆಗೆ. ಒಂದೆರಡು ತಿಂಗಳು ಸಾಕಿ, ಮರಿಗಳು ಸರಿಯಾಗಿ ಉಣ್ಣತೊಡಗಿದ ಮೇಲೆ ಮಾರುವ ಹೊತ್ತಿಗೆ ಏಪ್ರಿಲ್, ಮೇ. ಅಂದರೆ ಮರಿ ಹೊಸ ಮನೆಗೆ ಬರುವುದೂ ಚಳಿಗಾಲ ಶುರುವಾಗುವುದೂ ಒಟ್ಟಿಗೆ. ಜುಲೈ ರಾತ್ರಿಗಳಲ್ಲಿ ಹತ್ತು ಡಿಗ್ರಿಗೆ ಇಳಿಯುವ ಈ ಊರಿನ ಮರದ ಮನೆಗಳ ಹಲಗೆ ಸಂದಿಯಲ್ಲಿ ಗಾಳಿ ಧಾರಾಳವಾಗಿ ಓಡಾಡುತ್ತದೆ. ತಿಂದದ್ದು ಅರಗಬೇಕಾದರೆ ಹಾವಿಗೆ ಬಿಸಿ ಬೇಕು. ಚಳಿಗಾಲದಲ್ಲಿ ಹುದುಗು ಬಾರದ ಇಡ್ಲಿ ಹಿಟ್ಟಿನಂತೆ, ಬಿಸಿ ಸಾಲದ ಮರಿಯ ಹೊಟ್ಟೆಯಲ್ಲಿ ಇಲಿ ಹಾಗೇ ಕೂರುತ್ತದೆ. ಆದರೆ ಹಿಟ್ಟು ಸುಮ್ಮನಿರುತ್ತದೆ, ಇಲಿ ಕೊಳೆಯುತ್ತದೆ. ಆಗ ಹಾವಿಗೆ ಉಳಿಯುವ ದಾರಿ ಅದನ್ನು ವಾಂತಿ ಮಾಡುವುದು. ವಾಂತಿಯಾದ ಮರಿಗೆ ಪಾಪ ಹಸಿದಿದೆ ಎಂದು ಮರುದಿನವೇ ಇನ್ನೊಂದು ಇಲಿ ಕೊಡಬಾರದು. ಹೊಟ್ಟೆಯ ಒಳಪದರ ಸುಧಾರಿಸಿಕೊಳ್ಳಲು ಹತ್ತು ಹನ್ನೆರಡು ದಿನ ಬಿಟ್ಟು, ಮೊದಲಿಗಿಂತ ಚಿಕ್ಕದನ್ನು ಕೊಡಬೇಕು. ಎರಡನೆಯ ಸಲವೂ ವಾಂತಿಯಾದರೆ ವೈದ್ಯರ ಬಳಿಗೆ.

ಊಟದ ಮಾತಿಗೆ ಬಂದರೆ ಸಸ್ಯಾಹಾರಿ ಮನೆಗಳು ಸ್ವಲ್ಪ ಗಟ್ಟಿಮನಸ್ಸು ಮಾಡಿಕೊಳ್ಳಬೇಕಾಗುತ್ತದೆ. ಹಾವಿಗೆ ಬದಲಿ ಆಹಾರ ಎಂಬುದಿಲ್ಲ. ಹಾಲೂ ಇಲ್ಲ, ಮೊಟ್ಟೆಯೂ ಸಾಲದು. ಮರಿಗೆ ಇಲಿಯ ಮರಿ: ಇನ್ನೂ ಕೂದಲು ಹುಟ್ಟದ ‘ಪಿಂಕಿ’, ಆಮೇಲೆ ನವಿರು ಬಂದ ‘ಫಜ್ಜಿ’, ಮುಂದೆ ದೊಡ್ಡ ಇಲಿ, ಕೊನೆಗೆ ಹೆಗ್ಗಣ. ಇವೆಲ್ಲ ಸಾಕುಪ್ರಾಣಿ ಅಂಗಡಿಯ ಫ್ರೀಜರಿನಲ್ಲಿ ಪೊಟ್ಟಣ ಕಟ್ಟಿ ಸಿಗುತ್ತವೆ. ಜೀವಂತ ಇಲಿ ಬಿಡುವುದು ಕ್ರೌರ್ಯವಷ್ಟೇ ಅಲ್ಲ, ಹಾವಿಗೇ ಅಪಾಯ. ಹಸಿವಿಲ್ಲದ ಹಾವನ್ನು ಇಲಿ ಕಚ್ಚಿ ತೂತು ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಕೊಡುವ ಇಲಿ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು. ಎಳೆಯದಕ್ಕೆ ವಾರಕ್ಕೊಂದು. ವರ್ಷ ಕಳೆದಂತೆ ಹತ್ತು ದಿನಕ್ಕೆ, ಹದಿನೈದು ದಿನಕ್ಕೆ ಒಂದು. ದೊಡ್ಡ ಹಾವಿಗೆ ತಿಂಗಳಿಗೊಂದು ಊಟವಾದರೂ ನಡೆದೀತು. ಬೊಜ್ಜು ಬೆಳೆಸಿಕೊಂಡ ಸಾಕುಹಾವುಗಳು ಹಸಿದು ಸೊರಗಿದವುಗಳಿಗಿಂತ ಹೆಚ್ಚು ಕಾಣಿಸುತ್ತವೆ.

ನಮ್ಮ ಸ್ನೇಹಿತರ ಮನೆಯಲ್ಲಿ ಹಾವಿಗೆ ಊಟ ಕೊಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಹೈಸ್ಕೂಲು ಓದುವ ಅವರ ಮಗಳ ಹಾವು, ಲೈಸೆನ್ಸ್ ಅಪ್ಪನ ಹೆಸರಿನಲ್ಲಿ. ಅಡುಗೆಮನೆಯ ಫ್ರಿಜ್ಜಿನಲ್ಲಿ ಜಾಗ ಸಿಗದೆ ಗ್ಯಾರೇಜಿನಲ್ಲಿ ಇಲಿಗಳಿಗೆಂದೇ ಪುಟ್ಟ ಫ್ರೀಜರ್ ಬಂದಿದೆ. ಹುಡುಗಿ ಬೆಳಿಗ್ಗೆಯೇ ಇಲಿಯನ್ನು ತೆಗೆದು ಕರಗಲು ಇಟ್ಟಿದ್ದಳು. ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಮುಳುಗಿಸಿ ಮೈಬಿಸಿಯಷ್ಟು ಮಾಡಿದಳು. ಮೈಕ್ರೋವೇವ್ ಯಾಕೆ ಬೇಡ ಎಂದು ನಾನು ಕೇಳಿದ್ದಕ್ಕೆ ‘ಒಳಗೆ ಬೆಂದು ಸಿಡಿಯುತ್ತೆ ಅಂಕಲ್, ಆಮೇಲೆ ಅಮ್ಮ ನನ್ನನ್ನೂ ಹಾವನ್ನೂ ಹೊರಗೆ ಹಾಕ್ತಾಳೆ’ ಎಂದಳು. ಕೋಣೆಯ ದೀಪ ಆರಿಸಿ, ಉದ್ದನೆ ಇಕ್ಕಳದಲ್ಲಿ ಇಲಿಯ ಸೊಂಟ ಹಿಡಿದು ಡಬ್ಬಿಯ ಅಂಚಿಗೆ ತಂದಳು. ಕಡ್ಡಿಯ ಮೇಲಿದ್ದ ಮರಿ ಮೊದಲು ಅಲುಗಲಿಲ್ಲ. ನಾಲಿಗೆ ಎರಡು ಸಲ ನಿಧಾನಕ್ಕೆ, ಆಮೇಲೆ ಬೇಗ ಬೇಗ ಆಡಿತು. ತಲೆ ಇಲಿಯ ಕಡೆಗೆ ಕೂದಲೆಳೆಯಷ್ಟು ತಿರುಗಿತು. ಕೆಳದುಟಿಯ ಅಂಚಿನಲ್ಲಿ ಸಾಲಾಗಿ ಕಾಣುವ ಗುಳಿಗಳಿಂದ ಅದು ಬಿಸಿಯನ್ನೇ ಕಾಣುತ್ತದೆ. ಕತ್ತಲಲ್ಲೂ ಬಿಸಿ ಇಲಿ ಎಲ್ಲಿದೆ ಎಂದು ಅದಕ್ಕೆ ಗೊತ್ತು. ಮುಂದಿನದು ನನಗೆ ಕಾಣಲೇ ಇಲ್ಲ. ಕಂಡದ್ದು ಇಲಿಯ ಸುತ್ತ ಮೂರು ಸುತ್ತು ಬಿಗಿದಿದ್ದ ಮರಿ, ಬಾಲದ ತುದಿ ಮಾತ್ರ ಇನ್ನೂ ಕಡ್ಡಿಗೆ ಸುತ್ತಿಕೊಂಡೇ ಇತ್ತು. ಸತ್ತ ಇಲಿಯನ್ನೇ ಅದು ಮತ್ತೊಮ್ಮೆ ಕೊಂದು, ಐದಾರು ನಿಮಿಷ ಹಿಡಿದು, ಆಮೇಲೆ ಮೂತಿಯಿಂದ ತಡವುತ್ತಾ ತಲೆಯ ಕಡೆ ಹುಡುಕಿ ನುಂಗತೊಡಗಿತು. ನಾನು ಬಗ್ಗಲು ಹೋದರೆ ‘ಕೈ ಹತ್ರ ತರಬೇಡಿ ಅಂಕಲ್, ಈಗ ಬಿಸಿಯಾಗಿರೋದೆಲ್ಲ ಅದಕ್ಕೆ ಊಟಾನೇ’ ಎಂಬ ಎಚ್ಚರಿಕೆ ಬಂತು.

ಮೈಸೂರಿನಿಂದ ಬಂದಿದ್ದ ಅವಳ ಅಜ್ಜಿ ಬಾಗಿಲಲ್ಲೇ ನಿಂತು ಇಷ್ಟನ್ನೂ ನೋಡಿ, ಕೊನೆಗೆ ಕೇಳಿದ್ದು ಒಂದೇ ಮಾತು. ‘ಇಷ್ಟೆಲ್ಲ ಮಾಡ್ತೀಯಲ್ಲೇ, ಅದಕ್ಕೆ ನಿನ್ನ ಗುರುತಾದ್ರೂ ಸಿಗುತ್ತೇನೇ?’

ಸಾಕುವವರೆಲ್ಲ ತಮ್ಮನ್ನು ತಾವು ಕೇಳಿಕೊಳ್ಳದ ಪ್ರಶ್ನೆ ಇದು. ಹಾವು ವಾಸನೆಯನ್ನು ಬೇರೆ ಬೇರೆಯಾಗಿ ಹಿಡಿಯಬಲ್ಲದು. ಪದೇ ಪದೇ ಬಂದು ಏನೂ ತೊಂದರೆ ಕೊಡದ ಕೈಗೆ ಹೆದರುವುದನ್ನು ನಿಲ್ಲಿಸುತ್ತದೆ. ನಾಯಿಯಂತೆ ಕಾಯುವುದು, ಕಾಣದಿದ್ದರೆ ಕೊರಗುವುದು ಅದರಲ್ಲಿಲ್ಲ. ಕೈಯಲ್ಲಿ ಸುಮ್ಮನೆ ಸುತ್ತಿಕೊಂಡು ಕೂತ ಹಾವು ಪ್ರೀತಿಯಿಂದ ಕೂತಿಲ್ಲ, ನಿಮ್ಮ ಕೈ ಬೆಚ್ಚಗಿದೆ, ಕೊಂಬೆಯಂತೆ ಹಿಡಿಯಲು ಸಿಗುತ್ತದೆ, ಅಪಾಯವಿಲ್ಲ ಎಂದು ಕೂತಿದೆ. ಇದನ್ನು ಕೇಳಿ ಬೇಸರವಾಗುವವರು ಹಾವು ಸಾಕದಿರುವುದೇ ಒಳ್ಳೆಯದು. ನನಗೇನೋ ಅಷ್ಟು ನಂಬಿಕೆಯೇ ಸಾಕಷ್ಟು ದೊಡ್ಡದು ಅನಿಸುತ್ತದೆ.

ಆ ನಂಬಿಕೆ ಬರುವುದಕ್ಕೆ ಆತುರಪಡಬಾರದು. ಬಂದ ಮೊದಲ ವಾರ ನೀರು ಬದಲಿಸಲು, ಹಾಸು ಕೊಳೆಯಾಗಿದ್ದರೆ ತೆಗೆಯಲು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಬಾರದು. ಆಮೇಲೆ ಮೊದಲ ಊಟ. ಎರಡು ಮೂರು ಊಟ ಸರಿಯಾಗಿ ಇಳಿದ ಮೇಲೆ ಎತ್ತಲು ಶುರುಮಾಡಬಹುದು. ಊಟವಾದ ಮೇಲೆ ಎರಡು ದಿನ ಮುಟ್ಟುವಂತಿಲ್ಲ. ಇದು ಸುಮ್ಮನೆ ಕಟ್ಟಿದ ಮಡಿಯಲ್ಲ: ಊಟದ ಬೆನ್ನಿಗೇ ಕರುಳು, ಪಿತ್ತಜನಕಾಂಗ, ಹೃದಯ ಕೂಡ ಹಿಗ್ಗುತ್ತವೆ ಎಂಬುದನ್ನು ಬರ್ಮಾ ಹೆಬ್ಬಾವಿನ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಅಂಥ ಹೊತ್ತಲ್ಲಿ ಹೊಟ್ಟೆ ಅದುಮಿದರೆ ವಾಂತಿಯಾಗುವುದು ಸಹಜ. ಎತ್ತುವಾಗ ಕೈ ತೊಳೆದಿರಬೇಕು, ಇಲಿಯ ವಾಸನೆ ಇರುವ ಕೈ ಹಾವಿನ ಲೆಕ್ಕದಲ್ಲಿ ಇಲಿಯೇ. ತಲೆಯ ಮೇಲಿನಿಂದ ಕೈ ಇಳಿಸಿದರೆ ಹದ್ದು ಎರಗಿದಂತಾಗುತ್ತದೆ. ಪಕ್ಕದಿಂದ, ನಡು ಮೈಯ ಕೆಳಗೆ ಕೈ ತೂರಿಸಿ, ಹಿಡಿಯದೆ ಹೊರಬೇಕು. ಮೊದಮೊದಲು ಐದು ನಿಮಿಷ ಸಾಕು. ಮರಿ ಎಗರಿ ಕಚ್ಚಿದ ಕೂಡಲೇ ಹೆದರಿ ಡಬ್ಬಿಗೆ ಬಿಟ್ಟುಬಿಟ್ಟರೆ, ಕಚ್ಚಿದರೆ ಬಿಡುತ್ತಾರೆ ಎಂಬುದನ್ನು ಅದು ಕಲಿಯುತ್ತದೆ. ಅರೆ ನಿಮಿಷ ಅಲುಗದೆ ಇದ್ದು, ಅದು ಶಾಂತವಾದ ಮೇಲೆ ಒಳಗಿಡುವುದು ಮೇಲು. ಊಟವೆಂದು ತಪ್ಪು ತಿಳಿದು ಕಚ್ಚಿ ಹಿಡಿದುಕೊಂಡಾಗ ಮಾತ್ರ ಜಗ್ಗಬಾರದು. ಹಲ್ಲುಗಳು ಒಳಮುಖವಾಗಿ ಬಾಗಿರುತ್ತವೆ, ಜಗ್ಗಿದರೆ ನಮ್ಮ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ನಲ್ಲಿಯ ತಣ್ಣೀರಿಗೆ ಹಿಡಿದರೆ ತಾನೇ ಬಿಡುತ್ತದೆ. ಹಾವು ಮುಟ್ಟಿದ ಮೇಲೂ ಸೋಪು ಹಾಕಿ ಕೈ ತೊಳೆಯಬೇಕು, ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ.

ಇದ್ದಕ್ಕಿದ್ದಂತೆ ಮರಿ ಮಂಕಾಗಿ, ಕಣ್ಣಿಗೆ ನೀಲಿ ಹಾಲಿನ ಪೊರೆ ಬಂದು, ಊಟ ಬಿಟ್ಟು ಮೂಲೆ ಸೇರಿದರೆ ಹೊಸಬರು ಗಾಬರಿಯಾಗುತ್ತಾರೆ. ಪೊರೆ ಬಿಡುವ ಕಾಲ ಅದು. ಬೆಳೆಯುವ ಮರಿ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಪೊರೆ ಬಿಡುತ್ತದೆ. ಹಳೆಯ ಚರ್ಮಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬಿ ಕಣ್ಣು ಮಬ್ಬಾಗುತ್ತದೆ, ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸಿಟ್ಟೂ ಹೆಚ್ಚು. ಕೆಲವು ದಿನಕ್ಕೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಎರಡು ಮೂರು ದಿನಕ್ಕೆ ಕಡ್ಡಿಗೆ ಮೂತಿ ಉಜ್ಜಿ, ತುಟಿಯಂಚಿನಿಂದ ಬಿಡಿಸಿಕೊಂಡು, ಒಳಹೊರಗಾಗಿ ಇಡೀ ಪೊರೆಯನ್ನು ಕಳಚಿ ಹಾಕುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ: ಮುಟ್ಟದಿರುವುದು, ನೀರಿನ ಬಟ್ಟಲು ತುಂಬಿಡುವುದು, ಒಣಹವೆಯಿದ್ದರೆ ಒಂದು ಅಡಗುತಾಣದೊಳಗೆ ಒದ್ದೆ ಟವೆಲ್ ಚೂರು ಇಡುವುದು. ಬಿಟ್ಟ ಪೊರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಎರಡು ಕಣ್ಣಿನ ಪುಟ್ಟ ಗುಂಡು ಪದರಗಳೂ ಬಾಲದ ತುದಿಯೂ ಅದರಲ್ಲಿ ಇರಬೇಕು. ಬಾಲದ ತುದಿಯಲ್ಲಿ ಉಳಿದ ಪೊರೆ ಉಂಗುರದಂತೆ ಬಿಗಿದು ರಕ್ತ ಓಡದಂತೆ ಮಾಡುತ್ತದೆ. ಕಣ್ಣಿನದು ಉಳಿದರೆ ಚಿಮಟ ಹಾಕಿ ಕೀಳಬಾರದು, ಕೆಳಗಿನ ಕಣ್ಣೂ ಕಿತ್ತು ಬರಬಹುದು. ಮುಂದಿನ ಪೊರೆಯೊಂದಿಗೆ ಬರಲಿ ಎಂದು ಕಾಯಬೇಕು ಅಥವಾ ವೈದ್ಯರಿಗೆ ತೋರಿಸಬೇಕು.

ರೋಗಗಳ ದೊಡ್ಡ ಪಟ್ಟಿ ಬೇಡ. ನೀರಿನ ಬಟ್ಟಲಲ್ಲಿ ತೇಲುವ ಸಣ್ಣ ಕಪ್ಪು ಚುಕ್ಕಿಗಳು ಕಂಡರೆ ಹಾವಿನ ಹೇನು. ಬಾಯಿ ಅರೆತೆರೆದು ಉಸಿರಾಡುತ್ತಿದ್ದರೆ, ಉಸಿರಲ್ಲಿ ಗೊರಗೊರ ಸದ್ದು, ಮೂಗಲ್ಲಿ ಗುಳ್ಳೆ ಬಂದರೆ ಶ್ವಾಸಕೋಶದ ಸೋಂಕು. ಎರಡಕ್ಕೂ ಸರೀಸೃಪ ನೋಡುವ ವೈದ್ಯರೇ ಬೇಕು. ನಾಯಿ ಬೆಕ್ಕಿನ ಎಲ್ಲ ಕ್ಲಿನಿಕ್‌ಗಳೂ ಹಾವನ್ನು ನೋಡುವುದಿಲ್ಲ, ಹಾಗಾಗಿ ಹತ್ತಿರದಲ್ಲಿ ಯಾರಿದ್ದಾರೆ ಎಂದು ಮೊದಲೇ ವಿಚಾರಿಸಿಡಬೇಕು. ಮನೆಯಲ್ಲಿ ಆಗಲೇ ಒಂದು ಹಾವಿದ್ದರೆ ಹೊಸದನ್ನು ಬೇರೆ ಕೋಣೆಯಲ್ಲಿ, ಬೇರೆ ಇಕ್ಕಳ ಬೇರೆ ಬಟ್ಟಲಿನೊಂದಿಗೆ ತಿಂಗಳುಗಟ್ಟಲೆ ದೂರ ಇಡಬೇಕು. ಸನ್‌ಶೈನ್ ಕೋಸ್ಟ್ ಎಂಬ ಇಲ್ಲಿನದೇ ಕರಾವಳಿಯ ಹೆಸರು ಹೊತ್ತ ಸನ್‌ಶೈನ್ ವೈರಸ್ ಆಸ್ಟ್ರೇಲಿಯಾದ ಸಾಕು ಹೆಬ್ಬಾವುಗಳಲ್ಲಿ ನರ ಮತ್ತು ಉಸಿರಾಟದ ತೊಂದರೆ ತರುತ್ತದೆ. ನೋಡಲು ಗಟ್ಟಿಮುಟ್ಟಾದ ಹಾವಿನಲ್ಲೂ ಇರಬಹುದು.

ತಿನ್ನದ ಮರಿಯ ವಿಷಯ ಇನ್ನೂ ಬಾಕಿ ಇದೆ. ಕಾಡಿನಲ್ಲಿ ಈ ಮರಿಗಳ ಮೊದಲ ಬೇಟೆ ಹೆಚ್ಚಾಗಿ ಸ್ಕಿಂಕ್ ಜಾತಿಯ ಪುಟ್ಟ ಹಾವುರಾಣಿಗಳು, ಇಲಿ ಹಿಡಿಯುವುದು ಬೆಳೆದ ಮೇಲೆ. ಹಾಗಾಗಿ ಕೆಲವು ಮರಿಗಳಿಗೆ ಪಿಂಕಿ ಊಟವೆಂದೇ ತೋರುವುದಿಲ್ಲ. ಅಂಥವಕ್ಕೆ ಮೊದಲ ಊಟ ಮಾಡಿಸುವುದು ಮರಿ ಮಾಡಿಸಿದವರ ಕೆಲಸ. ಕೊಳ್ಳುವಾಗ ಎಷ್ಟು ಊಟವಾಗಿದೆ, ಏನು ತಿಂದಿದೆ, ಕೊನೆಯದು ಯಾವಾಗ ಎಂದು ಬರೆಸಿಕೊಂಡೇ ಕೊಳ್ಳಬೇಕು. ಮನೆಗೆ ಬಂದ ಮೇಲೆ ಬೇಡವೆಂದರೆ, ಇಲಿಯನ್ನು ತೆಗೆದು ಎಸೆದು, ಒಂದು ವಾರ ಸುಮ್ಮನಿದ್ದು, ಮತ್ತೆ ಕತ್ತಲಾದ ಮೇಲೆ ಇನ್ನಷ್ಟು ಬೆಚ್ಚಗೆ ಮಾಡಿ ಕೊಟ್ಟು ನೋಡುವುದು. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಸುಮ್ಮನೆ ಗಾಬರಿಯಾಗುವುದು ತಪ್ಪುತ್ತದೆ. ತೂಕ ಇಳಿಯದಿದ್ದರೆ ಎರಡು ಮೂರು ವಾರದ ಉಪವಾಸ ಏನೂ ಅಲ್ಲ. ತೂಕ ಇಳಿಯುತ್ತಲೇ ಹೋದರೆ, ಬೆನ್ನೆಲುಬು ಏಣಾಗಿ ಕಂಡರೆ ಆಗ ಫೋನ್ ಎತ್ತಿಕೊಳ್ಳಿ. ಬಾಯಿ ಬಿಡಿಸಿ ತುರುಕುವ ವಿಡಿಯೊಗಳನ್ನು ನೋಡಿ ಪ್ರಯೋಗಕ್ಕೆ ಇಳಿಯಬೇಡಿ.

ಭಾರತದಲ್ಲಿರುವ ಓದುಗರಿಗೊಂದು ಮಾತು. ಬೆಂಗಳೂರಿನಲ್ಲೂ ಹೊರದೇಶದ ಹೆಬ್ಬಾವು ಸಾಕುವವರು ಇದ್ದಾರೆ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಸೂಟ್‌ಕೇಸಿನಲ್ಲಿ ಬಂದ ಹಾವುಗಳನ್ನು ಕಸ್ಟಮ್ಸ್‌ನವರು ಹಿಡಿದ ಸುದ್ದಿಗಳೂ ಬರುತ್ತಲೇ ಇರುತ್ತವೆ. ಕಾರ್ಪೆಟ್ ಪೈಥಾನ್ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸುವುದು ಕಡ್ಡಾಯ. ಅದರ ನಿಯಮಗಳು 2024ರಲ್ಲಿ ಬಂದಿವೆ. ಇತ್ತ ಆಸ್ಟ್ರೇಲಿಯಾ ತನ್ನ ಕಾಡಿನ ಸರೀಸೃಪಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಕಳಿಸುವುದೇ ಇಲ್ಲ. ಕಾಗದಪತ್ರವಿಲ್ಲದೆ ಯಾರಾದರೂ ಮಾರಲು ಬಂದರೆ ಅದರ ಹಿಂದೆ ಯಾವುದೋ ಸ್ಮಗ್ಲರನ ಸೂಟ್‌ಕೇಸು ಇರುವ ಸಾಧ್ಯತೆಯೇ ಹೆಚ್ಚು, ಸಿಕ್ಕಿಬೀಳುವವರು ಕೊಂಡವರು.

ಇಲ್ಲಿರುವ ನಮ್ಮವರು ಯೋಚಿಸಬೇಕಾದದ್ದು ಬೇರೆ. ಕಾರ್ಪೆಟ್ ಪೈಥಾನ್ ಇಪ್ಪತ್ತು ವರ್ಷ ಬದುಕುತ್ತದೆ, ಎರಡು ಎರಡೂವರೆ ಮೀಟರ್ ಬೆಳೆಯುತ್ತದೆ. ಅಷ್ಟರಲ್ಲಿ ವೀಸಾ ಮುಗಿಯಬಹುದು, ಅಪ್ಪ ಅಮ್ಮನಿಗೆ ವಯಸ್ಸಾಯಿತೆಂದು ಊರಿಗೆ ಹಿಂದಿರುಗಬೇಕಾಗಬಹುದು, ಬಾಡಿಗೆ ಮನೆ ಬದಲಿಸಬೇಕಾಗಬಹುದು. ನಾಯಿಯನ್ನಾದರೆ ವಿಮಾನದಲ್ಲಿ ಒಯ್ದವರಿದ್ದಾರೆ, ಹಾವನ್ನು ಒಯ್ಯಲು ಬಿಡುವುದಿಲ್ಲ. ಹಿತ್ತಲಿನಾಚೆಯ ಕಾಡಿಗೆ ಬಿಟ್ಟುಬಿಡೋಣವೆಂದರೆ ಅದೂ ಅಪರಾಧ: ಸಾಕುಹಾವಿನ ವೈರಸ್ಸು ಕಾಡಿನ ಹಾವುಗಳಿಗೆ ತಗಲುತ್ತದೆ, ಡಾರ್ವಿನ್ ಕಡೆಯ ಹಾವು ಬ್ರಿಸ್ಬೇನಿನ ಹಾವಿನೊಂದಿಗೆ ಕೂಡಿ ತಳಿ ಕಲಸಿಹೋಗುತ್ತದೆ. ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಕೊಡುವುದೊಂದೇ ದಾರಿ, ಅಂಥವರು ಯಾರೆಂದು ಮರಿ ತರುವ ಮೊದಲೇ ಗೊತ್ತಿರಬೇಕು. ಸ್ನೇಹಿತರ ಮನೆಯಲ್ಲಿ ಇದು ಆಗಲೇ ತೀರ್ಮಾನವಾಗಿದೆ. ಮಗಳು ಓದಲು ಮೆಲ್ಬರ್ನಿಗೆ ಹೋದರೆ ಹಾವು ಅಪ್ಪನ ಪಾಲಿಗೆ, ಲೈಸೆನ್ಸ್ ಹೇಗೂ ಅವರದೇ. ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟದ ಅವರು ಈಗ ಮಗಳ ಪಕ್ಕ ನಿಂತು ಇಕ್ಕಳ ಹಿಡಿಯುವುದನ್ನು ಕಲಿಯುತ್ತಿದ್ದಾರೆ.